ಗಪ್ಪಿ ಮರಿಗಳ ಲೆಕ್ಕ

“ಲೆಕ್ಕ ಮಾಡ್ಬೇಡಿ ಅಕ್ಕ. ಲೆಕ್ಕ ಮಾಡಿದ್ರೆ ಕಡಿಮೆ ಆಗ್ತದೆ.”

ಅಕ್ವೇರಿಯಂ ಅಂಗಡಿಯ ಹುಡುಗ ಹೀಗೆ ಹೇಳಿದ್ದು ಮಂಗಳವಾರ ಸಂಜೆ. ಇವತ್ತು ಭಾನುವಾರ. ಇನ್ನೂ ಕಿವಿಯಿಂದ ಹೋಗಿಲ್ಲ. ನಾನು ಸಹಕಾರಿ ಸಂಘವೊಂದರ ಕ್ಯಾಷ್ ಕೌಂಟರಿನಲ್ಲಿ ಕೂತು 16 ವರ್ಷ ಆಯಿತು. ಲೆಕ್ಕ ಮಾಡಿಯೇ ಅನ್ನ ತಿನ್ನುವವಳು. ನನ್ನ ಹತ್ತಿರ ಹೇಳುವ ಮಾತಾ ಅದು?

ಮಂಗಳವಾರ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು. ಈ ಜುಲೈಯಲ್ಲಿ ಅದು ಎಷ್ಟನೇ ರಜೆಯೋ. ಶಾಲೆ ಇದ್ದ ದಿನ ಎಂಟು ಸಲ ಕರೆದರೂ ಏಳದ ಮಗ, ರಜೆ ಅಂದರೆ ಆರೂವರೆಗೇ ಎದ್ದು ಕೂರುತ್ತಾನೆ. ನಾನು ದೋಸೆ ಕಾವಲಿಯ ಮುಂದೆ ಇದ್ದೆ. “ಅಮ್ಮಾ, ಟ್ಯಾಂಕಲ್ಲಿ ಸೊಳ್ಳೆ ಮರಿ ಆಗಿದೆ!” ಎಂದು ಬೊಬ್ಬೆ ಹಾಕಿದ. ಮಂಗಳೂರಿನವರಿಗೆ ಸೊಳ್ಳೆ ಮರಿ ಅಂದರೆ ದೋಸೆ ಸೀದರೂ ಓಡಬೇಕು. ಓಡಿದೆ.

ಸೊಳ್ಳೆ ಮರಿ ಅಲ್ಲ. ಗಪ್ಪಿ ಮೀನಿನ ಮರಿ. ಗಾಜಿಗೆ ಮೂಗು ತಾಗಿಸಿದರೆ ಮಾತ್ರ ಕಾಣುವಷ್ಟು. ಎರಡು ಕಣ್ಣು, ಅದರ ಹಿಂದೆ ಒಂದು ಗೀಟು, ಅಷ್ಟೇ. ಅಕ್ಕಿ ಕಾಳಿಗಿಂತ ಚೂರು ಉದ್ದ. ನಾವು ನೋಡುತ್ತಿದ್ದಂತೆಯೇ ತಾಯಿ ಮೂಲೆಯಲ್ಲಿ ಒಮ್ಮೆ ನಡುಗಿತು. ಹೊಟ್ಟೆಯ ಅಡಿಯಿಂದ ಕಪ್ಪಗಿನದೊಂದು ಉಂಡೆ ಬಿತ್ತು. ಸುರುಳಿ ಸುತ್ತಿಕೊಂಡೇ ಮರಳಿನ ತನಕ ಇಳಿಯಿತು. ಸತ್ತಿತು ಅಂದುಕೊಂಡೆ. ಅಷ್ಟರಲ್ಲಿ ಉಂಡೆ ಬಿಚ್ಚಿ ಉದ್ದ ಆಯಿತು. ಒಂದು ಸಲ ಜಾಡಿಸಿಕೊಂಡು ನೆಟ್ಟಗೆ ಗಿಡದ ಸಂದಿಗೆ ಓಡಿತು! ಯಾರೂ ದಾರಿ ತೋರಿಸಿರಲಿಲ್ಲ. ನನ್ನ ಮಗ ನಡೆಯಲು ಕಲಿತದ್ದು ಹದಿನಾಲ್ಕನೇ ತಿಂಗಳಲ್ಲಿ.

ದೋಸೆ ಸೀದಿತ್ತು.

ವಿಷಯ ಎಂತ ಅಂದರೆ, ನಮ್ಮಲ್ಲಿ ಗಂಡು ಗಪ್ಪಿಯೇ ಇಲ್ಲ. ಇದ್ದ ಒಂದು ಏಪ್ರಿಲ್‌ನಲ್ಲಿ ಹಾರಿ ನೆಲಕ್ಕೆ ಬಿದ್ದು ಸತ್ತಿತ್ತು. ಉಳಿದದ್ದು ಮೂರು ಹೆಣ್ಣು. “ಇದು ಯಾರ ಕೆಲಸ?” ಎಂದು ನನ್ನ ಗಂಡ ಕೆಟ್ಟ ಜೋಕ್ ಮಾಡಿದರು. ಅಂಗಡಿಯ ಹುಡುಗ ಆಮೇಲೆ ಬಿಡಿಸಿ ಹೇಳಿದ. ಗಂಡಿನ ಜೊತೆ ಒಮ್ಮೆ ಸೇರಿದರೆ ಸಾಕಂತೆ, ಹೆಣ್ಣು ಅದನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತಾ ಹೋಗುತ್ತದೆ. ಎಫ್‌ಡಿ ಇಟ್ಟು ಬಡ್ಡಿ ತೆಗೆದ ಹಾಗೆ. ಹಾಗಾದರೆ ಮೇ, ಜೂನ್‌ನಲ್ಲೂ ಹಾಕಿರಬೇಕಲ್ಲ? ಹಾಕಿರುತ್ತದೆ, ನಾವು ಏಳುವ ಮೊದಲೇ ತಾನೇ ತಿಂದು ಮುಗಿಸಿರುತ್ತದೆ ಅಂದ. ಗಪ್ಪಿಗೆ ತನ್ನ ಮರಿ, ಪರರ ಮರಿ ಎಂಬುದಿಲ್ಲ. ಬಾಯಿಗೆ ಹಿಡಿಸುವಷ್ಟು ಸಣ್ಣದು ಮುಂದೆ ಅಲ್ಲಾಡಿದರೆ ಅದು ಊಟ.

ಅದಕ್ಕೇ ಆ ಬೆಳಿಗ್ಗೆಯೇ ಮೂರೂ ದೊಡ್ಡ ಮೀನನ್ನು ಹಿಡಿದು ಟಬ್ಬಿಗೆ ಹಾಕಿದೆವು. ಟ್ಯಾಂಕ್ ಪೂರ್ತಿ ಮರಿಗಳಿಗೆ. ಆಮೇಲೆ ನಾನು ಮಾಡಿದ ಮೊದಲ ಕೆಲಸ ಎಣಿಸಿದ್ದು. ಮೊದಲು 31 ಬಂತು. ಮತ್ತೆ 36. ನೋಟಿನ ಕಟ್ಟು ಕೈಯಲ್ಲಿ ನಿಲ್ಲುತ್ತದೆ, ಇವು ನಿಲ್ಲಬೇಕಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ಒಂದೊಂದನ್ನೇ ಬೆರಳಿಟ್ಟು ಎಣಿಸಿದೆ. 34. ಮಗ ಕ್ಯಾಲೆಂಡರಿನಲ್ಲಿ ಬರೆದಿಟ್ಟ. ಮಧ್ಯಾಹ್ನದೊಳಗೆ 11 ಜನ ಗೆಳೆಯರಿಗೆ ಫೋನಿನಲ್ಲಿ ಮರಿ ಹಂಚಿಯೂ ಆಗಿತ್ತು.

ಅತ್ತೆಗೆ ಈ ಟ್ಯಾಂಕ್ ಮೊದಲಿನಿಂದಲೂ ಕಂಡರಾಗದು. ತಿನ್ನಲಾಗದ ಮೀನಿಗೆ ಕರೆಂಟ್ ಯಾಕೆ ಎಂಬುದು ಅವರ ವಾದ. ಅದೂ ಈಗ ಟ್ರಾಲಿಂಗ್ ನಿಷೇಧದ ಕಾಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ದಕ್ಕೆಯಲ್ಲಿ, ಬಂಗುಡೆ ಚಿನ್ನದ ರೇಟಿನಲ್ಲಿ, ನಮ್ಮ ತಟ್ಟೆಯಲ್ಲಿ ಒಣಮೀನಿನ ಚಟ್ನಿ. “ಮೀನು ಮರಿ ಮಾಡ್ಲಿ ಅಂತ ಸರ್ಕಾರ ಸಮುದ್ರಕ್ಕೇ ರಜೆ ಕೊಡ್ತದೆ. ನಿಮ್ಮ ಟ್ಯಾಂಕಿಗೋಸ್ಕರ ಶಾಲೆಗೂ ರಜೆ” ಎಂದರು. ಆದರೆ ಅಂಗಡಿ ಹುಡುಗನ ಮಾತು ಹೇಳಿದ್ದೇ ತಡ, ಪಕ್ಷ ಬದಲಿಸಿದರು. “ಸರಿಯಾಗಿಯೇ ಹೇಳಿದ್ದಾನೆ. ಒಳ್ಳೆ ಮನೆಯ ಹುಡುಗ ಇರಬೇಕು.”

ಅತ್ತೆ ಬಂಟ್ವಾಳದ ಕಡೆಯ ಬೇಸಾಯದ ಮನೆಯವರು. ಸೌತೆ ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ. ಹಲಸಿನ ಮರದ ಬುಡದಲ್ಲಿ ನಿಂತು ಗುಜ್ಜೆ ಎಣಿಸಬಾರದು. ಹೇಂಟೆಯ ಹಿಂದೆ ಮರಿ ಎಷ್ಟು ಅಂತ ಕೇಳಬಾರದು, ಕೇಳಿದರೂ ಹೇಳಬಾರದು. ಸಂಜೆ ಕೋಳಿಗೂಡಿನ ಬಾಗಿಲು ಹಾಕುವಾಗ ಒಮ್ಮೆ ಕಣ್ಣು ಹಾಯಿಸಿ “ಎಲ್ಲ ಬಂದ್ವು” ಅನ್ನುತ್ತಿದ್ದರಂತೆ. ಒಂದು ಕಡಿಮೆ ಇದ್ದರೆ ಗೊತ್ತಾಗುತ್ತಿತ್ತು. ಎಣಿಸದೆ ಅದು ಹೇಗೆ ಗೊತ್ತಾಗುತ್ತದೆ ಎಂದು ಎಷ್ಟೋ ಸಲ ಕೇಳಿದ್ದೇನೆ. “ಗೊತ್ತಾಗ್ತದೆ” ಎನ್ನುತ್ತಾರೆ.

ನನ್ನ ಸಂಪ್ರದಾಯ ಬೇರೆ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋದ ಊರು ನಮ್ಮದು. ಆ ದಿನದ ಉಳಿತಾಯಕ್ಕಿಟ್ಟ ಪಿಗ್ಮಿ ಎಂಬ ಹೆಸರು ಇಲ್ಲಿಯ ಮಕ್ಕಳಿಗೂ ಗೊತ್ತು. ಎಣಿಸಿ ಇಟ್ಟರೆ ಹೆಚ್ಚಾಗುತ್ತದೆ ಎಂದು ನಂಬಿದವರು ನಾವು. ಎಣಿಸಿದರೆ ಕಡಿಮೆಯಾಗುತ್ತದಂತೆ! ಬುಧವಾರ ಬೆಳಿಗ್ಗೆ ಎಣಿಸಿದೆ, 34. ರಾತ್ರಿ ಎಣಿಸಿದೆ, 34. “ಎಂತ ಕಡಿಮೆ ಆಗಿದೆ ಹೇಳಿ” ಎಂದು ಅತ್ತೆಯ ಮುಂದೆ ಸ್ವಲ್ಪ ಜಾಸ್ತಿಯೇ ಜಂಬ ಮಾಡಿದೆ.

ಹೆಸರಿನಲ್ಲೂ ಲೆಕ್ಕದ ಎಡವಟ್ಟು ಉಂಟು. ಟ್ರಿನಿಡಾಡ್ ದ್ವೀಪದಿಂದ ಈ ಮೀನನ್ನು ಲಂಡನ್ನಿಗೆ ಕಳಿಸಿದವರು ರಾಬರ್ಟ್ ಗಪ್ಪಿ. ಹೊಸ ಮೀನು ಎಂದು 1866ರಲ್ಲಿ ಅದಕ್ಕೆ ಅವರ ಹೆಸರಿಟ್ಟರು. ನೋಡಿದರೆ 1859ರಲ್ಲೇ ವೆನೆಜುವೆಲಾದ ಅದೇ ಮೀನನ್ನು ಪೀಟರ್ಸ್ ಎಂಬ ಜರ್ಮನ್ ವಿಜ್ಞಾನಿ ವಿವರಿಸಿ ಹೆಸರು ಕೊಟ್ಟಾಗಿತ್ತು. ಶಾಸ್ತ್ರದ ಪುಸ್ತಕದಲ್ಲಿ ಪೀಟರ್ಸ್ ಕೊಟ್ಟದ್ದು ಉಳಿಯಿತು, ಜನರ ಬಾಯಲ್ಲಿ ಗಪ್ಪಿ ಉಳಿಯಿತು. ಒಬ್ಬರ ಖಾತೆಯ ದುಡ್ಡು ಇನ್ನೊಬ್ಬರ ಖಾತೆಗೆ ಜಮೆ. ನಮ್ಮಲ್ಲಾದರೆ ಮೆಮೋ ಬರುತ್ತಿತ್ತು.

ಇರಲಿ. ತಪ್ಪು ಆದದ್ದು ಮೊಟ್ಟೆಯಲ್ಲಿ.

ಹುಡುಗ ಹೇಳಿಯೇ ಇದ್ದ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಸಾಸಿವೆ ಕಾಳಿನಷ್ಟು ತೆಗೆದು, ಬಟ್ಟೆಯಲ್ಲಿ ಕಟ್ಟಿ ನೀರಿಗೆ ಹಿಂಡಬೇಕು. ಸಾಸಿವೆಯಷ್ಟು, ನೆನಪಿಡಿ ಅಕ್ಕ. ಬುಧವಾರ ಸಂಜೆ ಹಾಗೇ ಮಾಡಿದೆ. ಮರಿಗಳು ಮುತ್ತಿಕೊಂಡವು. ಅವುಗಳ ಮೈ ಗಾಜಿನಂತೆ, ಒಳಗಿನದು ಹೊರಗೆ ಕಾಣುತ್ತದೆ. ತಿಂದ ಮರಿಯ ಹೊಟ್ಟೆಯಲ್ಲಿ ಹಳದಿ ಚುಕ್ಕೆ ಬಂತು, ರಂಗೋಲಿ ಹುಡಿಯ ಒಂದು ಕಣ ಸಿಕ್ಕಿಕೊಂಡ ಹಾಗೆ. ಚುಕ್ಕೆ ಬಂದದ್ದು ಯಾವುದು, ಬಾರದ್ದು ಯಾವುದು ಎಂದು ನೋಡತೊಡಗಿದೆ. ಆರೇಳು ಮರಿಗಳ ಹೊಟ್ಟೆ ಖಾಲಿ. ಪಾಪ ಅನ್ನಿಸಿತು. ಇನ್ನೊಂದು ಸಾಸಿವೆ ಹಿಂಡಿದೆ. ಮತ್ತೊಂದು. ನಮ್ಮ ಕಡೆ ಬಡಿಸುವ ಕೈಗೆ ನಿಲ್ಲಿಸುವುದು ಗೊತ್ತಿಲ್ಲ. ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಿಂದಲೂ ಪಾಯಸ ಬಿಡುವವರು. ಕೊನೆಗೆ ಎಲ್ಲ ಚುಕ್ಕೆ ಹಳದಿಯಾಗುವಾಗ ಹಿಂಡಿದ್ದು ಕಾಳುಮೆಣಸಿನ ನಾಲ್ಕು ಕಾಳಿನಷ್ಟು ಆಗಿತ್ತು.

ಅದೇ ರಾತ್ರಿ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಇನ್ವರ್ಟರಿನ ಲೈನ್ ಟ್ಯಾಂಕಿನ ಮೂಲೆಗೆ ಇಲ್ಲ. ಫಿಲ್ಟರ್ ನಿಂತಿತು, ಗಾಳಿಗುಳ್ಳೆ ನಿಂತಿತು. ಗುರುವಾರ ಬೆಳಿಗ್ಗೆ ನೋಡಿದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ. ಬಗ್ಗಿದರೆ ಹುಳಿ ವಾಸನೆ. ಉಳಿದ ಹಳದಿ ಕೊಳೆತರೆ ನೀರಿನಲ್ಲಿ ಅಮೋನಿಯಾ ಏರುತ್ತದೆ, ಉಸಿರಿಗೆ ಬೇಕಾದ ಆಮ್ಲಜನಕ ಇಳಿಯುತ್ತದೆ. ಇದೆಲ್ಲ ಆಮೇಲೆ ಓದಿದ್ದು. ಆಗ ಕಂಡದ್ದು ಮರಳಿನ ಮೇಲೆ ಬೆಳ್ಳಗೆ ಬಿದ್ದಿದ್ದ ಆರು. ಹೊಟ್ಟೆಯ ಚುಕ್ಕೆ ಹಾಗೇ ಹಳದಿಯಾಗಿ ಇತ್ತು. ಖಾಲಿ ಹೊಟ್ಟೆಯಲ್ಲಿ ಯಾವುದೂ ಸಾಯಲಿಲ್ಲ ನೋಡಿ.

ಆಫೀಸಿಗೆ ತಡ ಆದರೆ ಆಗಲಿ ಎಂದು ಬಾವಿಯಿಂದ ನೀರು ಸೇದಿ ತಂದು ಕಾಲು ಭಾಗ ಬದಲಿಸಿದೆ. ನಳ್ಳಿ ನೀರು ಕ್ಲೋರಿನ್ ಹಾಕಿ ಬರುವುದು, ಒಂದು ದಿನ ಇಡದೆ ಮೀನಿಗೆ ಹಾಕುವ ಹಾಗಿಲ್ಲ. ಬಾವಿ ನೀರೂ ಗಪ್ಪಿಗೆ ಹೇಳಿ ಮಾಡಿಸಿದ್ದಲ್ಲ, ಮುರಕಲ್ಲಿನ ನೆಲದ ನೀರು ಸ್ವಲ್ಪ ಹುಳಿ, ತುಂಬ ಮೆದು. ಅದಕ್ಕೆ ಮರುವಾಯಿ ಚಿಪ್ಪನ್ನು ಕುದಿಸಿ ತಿಕ್ಕಿ ಟ್ಯಾಂಕಿನ ತಳಕ್ಕೆ ಹಾಕಿಟ್ಟಿದ್ದೇನೆ. ಚಿಪ್ಪಿನ ಸುಣ್ಣ ನಿಧಾನ ಕರಗಿ ನೀರು ಸರಿ ಹೋಗುತ್ತದೆ. ಆ ವಿಷಯದಲ್ಲಿ ನಾನು ಜಾಣೆ. ಮೊಟ್ಟೆಯ ವಿಷಯದಲ್ಲಿ ಅಲ್ಲ.

ನೀರು ತಿಳಿಯಾದ ಮೇಲೆ ಎಣಿಸಿದೆ. 19. ಸತ್ತದ್ದು ಆರು. 25 ಆಯಿತು. ಉಳಿದ ಒಂಬತ್ತು ಎಲ್ಲಿ?

ಲೆಕ್ಕ ಮಾಡಿದ್ರೆ ಕಡಿಮೆ ಆಗ್ತದೆ. ಅವತ್ತು ಕೌಂಟರಿನಲ್ಲಿ ಐನೂರರ ಕಟ್ಟು ಮೆಷಿನ್ನಿನಲ್ಲಿ ಹಾಕಿ, ಕೈಯಲ್ಲಿ ಎಣಿಸಿ, ಮತ್ತೆ ಮೆಷಿನ್ನಿಗೆ ಹಾಕಿದೆ. “ಎಂತ ಮೇಡಂ, ಇವತ್ತು ನಮ್ಮ ಮೇಲೆ ಡೌಟಾ?” ಎಂದು ಅಡಿಕೆ ದುಡ್ಡು ಕಟ್ಟಲು ಬಂದವರು ನಕ್ಕರು.

ಸಂಜೆ ಮಗ ಬ್ಯಾಗ್ ಬಿಚ್ಚುವ ಮೊದಲು ಕೇಳಿದ. “ಮೂವತ್ನಾಲ್ಕೂ ಉಂಟಾ ಅಮ್ಮ?”

“ಉಂಟು.”

16 ವರ್ಷದಲ್ಲಿ ಹತ್ತು ರೂಪಾಯಿಯ ಸುಳ್ಳು ಲೆಕ್ಕ ಬರೆದವಳಲ್ಲ. ರಾತ್ರಿ ಎಂಟರ ತನಕ ಕೂತು ಎರಡು ರೂಪಾಯಿ ಹುಡುಕಿದವಳು. ಬಾಯಿ ಅದಾಗಿಯೇ ತೆರೆಯಿತು, “ಉಂಟು” ಎಂದಿತು. ಆರು ಮರಿಗಳು ದಾಸವಾಳದ ಬುಡದ ಮಣ್ಣಿನಲ್ಲಿದ್ದವು.

ಶುಕ್ರವಾರ ಮೈದುನ ಫೋನಿನಲ್ಲಿ ಭಾಷಣ ಬಿಗಿದ. ಮರಿಗಳನ್ನು ಬೇರೆ ಇಡುವ ಬ್ರೀಡರ್ ಬಾಕ್ಸ್ ತಗೊಳ್ಳಬೇಕಿತ್ತು, ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯಂಥ ಜೀವಿಯ ಮೊಟ್ಟೆ ಒಡೆಸಿ ಹಾಕಬೇಕಿತ್ತು. ಅವನು ಒಂದು ಮೀನೂ ಸಾಕಿದವನಲ್ಲ, ವಿಡಿಯೋ ನೋಡಿದವನು. ಆದರೆ ಒಂದು ಮಾತು ಸರಿ ಹೇಳಿದ. ಫಿಲ್ಟರ್ ನೀರು ಎಳೆಯುವ ಬಾಯಿಗೆ ಬಟ್ಟೆ ಕಟ್ಟಿದ್ದೀರಾ? ಕಟ್ಟಿದ್ದೆ. ಕಟ್ಟಿದ್ದು ಗುರುವಾರ. ಹುಟ್ಟಿದ್ದು ಮಂಗಳವಾರ.

ಶನಿವಾರ ಧೈರ್ಯ ಮಾಡಿ ಫಿಲ್ಟರ್ ಬಿಚ್ಚಿದೆ. ಮಗನನ್ನು ಸುಮ್ನೆ ಅಂಗಡಿಗೆ ಕಳಿಸಿದ್ದೆ. ಸ್ಪಂಜನ್ನು ಬೇಸಿನ್‌ಗೆ ಹಿಂಡುವ ಮೊದಲು ಡಬ್ಬಿಯ ತಳಕ್ಕೆ ಟಾರ್ಚ್ ಬಿಟ್ಟರೆ, ಎರಡು ಬೆರಳಿನಷ್ಟು ಕೊಳಕು ನೀರಿನಲ್ಲಿ ಮೂರು ಮರಿಗಳು. ಜೀವಂತ! ಹೊರಗಿನವಕ್ಕಿಂತ ದಪ್ಪ. ಎಳೆದುಕೊಂಡು ಬಂದ ತಿಂಡಿಯೆಲ್ಲ ಇವಕ್ಕೇ ಸಿಕ್ಕಿತ್ತು. ಮೂರು ದಿನ ಕತ್ತಲೆ ಡಬ್ಬಿಯಲ್ಲಿ ಕೂತು ಉಂಡಿದ್ದವು. 22.

ಇನ್ನು ಆರು. ಸತ್ತದ್ದನ್ನು ಉಳಿದವು ತಿಂದಿರಬೇಕು, ಹೀಗಾಗುವುದುಂಟು ಎಂದು ಮನಸ್ಸಿನಲ್ಲೇ ಅದನ್ನು ನಷ್ಟಕ್ಕೆ ಬರೆದು ಪುಸ್ತಕ ಮುಚ್ಚಿದೆ.

ಇವತ್ತು ಬೆಳಿಗ್ಗೆ ಟ್ಯಾಂಕಿಗೆ ನೀರು ಸೇದಲು ಹೋದರೆ ಅತ್ತೆ ಬಾವಿಕಟ್ಟೆಯಲ್ಲಿ. ಒಂದು ಕೈಯಲ್ಲಿ ಕೊಡೆ. ಇನ್ನೊಂದು ಕೈಯ ಅಂಗೈಯಿಂದ ಎರಡು ಬೆರಳಲ್ಲಿ ಚಿವುಟಿ ಚಿವುಟಿ ಬಾವಿಗೆ ಉದುರಿಸುತ್ತಿದ್ದಾರೆ. ತುಳಸಿಗೆ ಕುಂಕುಮ ಹಾಕುವಾಗಿನ ಹಾಗೆ. ಹತ್ತಿರ ಹೋದೆ. ನಮ್ಮ ಮೀನಿನ ತಿಂಡಿ.

“ಎಂತ ಹಾಕ್ತಾ ಇದ್ದೀರಿ?”

“ಮೀನಿಗೆ.”

“ಬಾವಿಯಲ್ಲಿ ಯಾವ ಮೀನು?”

ಮೊದಲು ಮಾತಾಡಲಿಲ್ಲ. ಆಮೇಲೆ ನಿಧಾನ ಹೇಳಿದರು. ಗುರುವಾರ ಐದು ಗಂಟೆಗೆ ಎದ್ದಾಗ ಟಾರ್ಚಿನ ಬೆಳಕಿನಲ್ಲಿ ನೀರು ಬಿಳಿಯಾಗಿ ಕಂಡಿತಂತೆ. ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವಂತೆ. ಲೋಟದಲ್ಲಿ ಸಿಕ್ಕಿದಷ್ಟನ್ನು ತೆಗೆದು ಕೊಡಪಾನಕ್ಕೆ ಹಾಕಿ, ಹಗ್ಗ ಬಿಟ್ಟು, ನೀರಿಗೆ ಮುಟ್ಟಿದ ಮೇಲೆ ಮೆಲ್ಲ ಓರೆ ಮಾಡಿದರಂತೆ. ಹಿಂದೆ ಮಲೇರಿಯಾ ಜೋರಾಗಿದ್ದಾಗ ಆರೋಗ್ಯ ಇಲಾಖೆಯವರು ಬಂದು ಇದೇ ಮೀನನ್ನು ಈ ಬಾವಿಗೆ ಬಿಟ್ಟಿದ್ದರು, ಅದು ಅವರಿಗೆ ನೆನಪಿತ್ತು. ಮಲೇರಿಯಾ ಸೊಳ್ಳೆಗೆ ಚರಂಡಿ ಬೇಡ, ಬಾವಿಯಂಥ, ಕಟ್ಟಡ ಕಟ್ಟುವಲ್ಲಿ ನಿಂತ ನೀರಿನಂಥ ಶುದ್ಧ ನೀರೇ ಬೇಕು. ಮೊಟ್ಟೆಯೊಡೆದ ಮರಿಯನ್ನು ಗಪ್ಪಿ ತಿನ್ನುತ್ತದೆ. ತೋಡಿಗೋ ಹೊಳೆಗೋ ಬಿಟ್ಟಿದ್ದರೆ ಅಲ್ಲಿಯ ಮೀನುಗಳಿಗೆ ಕಷ್ಟ ಎಂದು ನಾನೇ ಜಗಳ ತೆಗೆಯುತ್ತಿದ್ದೆ. ಇದು ನಾಲ್ಕು ಗೋಡೆಯ ಬಾವಿ.

“ನನ್ನನ್ನು ಎಬ್ಬಿಸಬಾರದಿತ್ತಾ?”

“ಎಬ್ಬಿಸಿ? ಮೊಟ್ಟೆ ಹಾಕಿದ್ದು ನೀನು. ನೋಡಿದ್ರೆ ಅಳ್ತಾ ಕೂರ್ತಿದ್ದಿ. ಆಫೀಸು ಬೇರೆ.”

ಬಾವಿಗೆ ಬಗ್ಗಿದೆ. ಜುಲೈಯಲ್ಲಿ ನಮ್ಮ ಬಾವಿ ಹತ್ತಿರ ಹತ್ತಿರ ಕೈಗೆ ಸಿಗುವಷ್ಟು ತುಂಬುತ್ತದೆ. ಮಳೆ ಹನಿ ಬಿದ್ದು ಬಿದ್ದು ಮೇಲೆಲ್ಲ ಸಣ್ಣ ಉಂಗುರಗಳು. ಯಾವುದು ಹನಿ, ಯಾವುದು ಮೀನಿನ ಬಾಯಿ ಎಂದು ತಿಳಿಯುತ್ತಿರಲಿಲ್ಲ. ನಾನು ಒಳಗೊಳಗೇ ಆರಕ್ಕೆ ಆರು ಕೂಡಿಸುತ್ತಿದ್ದೆ. ಲೆಕ್ಕ ಸರಿ ಬರುತ್ತದೆ. ಒಂದು ಮಾತು ಕೇಳಿದರೆ ಪುಸ್ತಕ ಟ್ಯಾಲಿ.

“ಎಷ್ಟು ಬಿಟ್ಟಿರಿ ಅತ್ತೆ?”

ಅವರು ಅಂಗೈಯ ಹುಡಿಯನ್ನು ಕೊನೆಯದಾಗಿ ಝಾಡಿಸಿ, ಕೊಡೆ ಸರಿ ಮಾಡಿಕೊಂಡು ಮನೆಯ ಕಡೆ ಹೊರಟರು. ತುಂಟತನ ಬಂದಾಗ ಮಾತ್ರ ನನ್ನ ಹತ್ತಿರ ತುಳು ಆಡುವವರು.

“ಲೆಕ್ಕ ಮಲ್ತಿಜಿ.” ಲೆಕ್ಕ ಮಾಡಿಲ್ಲವಂತೆ.

ನಾನು ಕೊಡಪಾನ ಇಳಿಸಿ ನೀರು ಸೇದಿದೆ. ಒಳಗೆ ತರುವ ಮೊದಲು ಜಗಲಿಯಲ್ಲಿ ಇಟ್ಟು, ಬಗ್ಗಿ, ತಳದ ತನಕ ಎರಡು ಸಲ ನೋಡಿದೆ.