ಪಾಕೀಟು ಐವತ್ತು, ಒಳಗಿನದು ಒಂದೇ

ದಿಲ್ಲಿಯ ಆಫೀಸಿನಲ್ಲಿ ಕೂತು ನಾನು ಒಂದು ಟೇಬಲ್ ಮಾಡಿದ್ದೆ. ಎಷ್ಟು ಚೆನ್ನಾಗಿ ಮಾಡಿದ್ದೆ ಅಂದರೆ, ಅದರಿಂದ ಲಾಭ ಆಗುತ್ತಿದ್ದದ್ದು ಎದುರಿನವರಿಗೆ.

ದೊಡ್ಡ ಕಂಪನಿಗಳು ಒಂದಾಗಬೇಕಾದರೆ ಭಾರತೀಯ ಸ್ಪರ್ಧಾ ಆಯೋಗದ ಒಪ್ಪಿಗೆ ಬೇಕು. ಅಲ್ಲಿಗೆ ಹೋಗುವ ಕಾಗದಗಳಿಗೆ ಮಾರುಕಟ್ಟೆಯ ಲೆಕ್ಕ ಹಾಕಿಕೊಡುವ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಆಗ ನಾನಿದ್ದೆ. ಬೇಯರ್ ಕಂಪನಿ ಮಾನ್ಸಾಂಟೊವನ್ನು 66 ಬಿಲಿಯನ್ ಡಾಲರಿಗೆ ಕೊಳ್ಳುತ್ತೇನೆ ಎಂದು 2016ರ ಸೆಪ್ಟೆಂಬರಿನಲ್ಲಿ ಹೇಳಿತ್ತು. ಡೌ ಮತ್ತು ಡ್ಯುಪಾಂಟ್ ಆಗಲೇ ಮಾತು ಮುಗಿಸಿದ್ದವು. ಸಿಂಜೆಂಟಾ ಚೀನಾದ ಸರ್ಕಾರಿ ಕಂಪನಿಯ ಕೈಗೆ ಹೋಗುವುದರಲ್ಲಿತ್ತು. ಬೀಜ ಮತ್ತು ಕೀಟನಾಶಕದ ದೊಡ್ಡವರೆಲ್ಲ ಒಬ್ಬರನ್ನೊಬ್ಬರು ಕೊಳ್ಳುತ್ತಿದ್ದ ಕಾಲ ಅದು.

ಬೇಯರ್ ಅರ್ಜಿ 2017ರಲ್ಲಿ ಆಯೋಗದ ಮುಂದೆ ಬಂತು. ಇದರಿಂದ ಸ್ಪರ್ಧೆಗೆ ಪೆಟ್ಟಾಗಬಹುದು ಅಂತ ಮೇಲ್ನೋಟಕ್ಕೆ ಅನ್ನಿಸಿದರೆ ಆಯೋಗ ವ್ಯವಹಾರದ ವಿವರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲು ಹೇಳುತ್ತದೆ. ಬಾಧಿತರಾಗುವವರು ಆಗಿನ ನಿಯಮದಂತೆ 15 ಕೆಲಸದ ದಿನಗಳೊಳಗೆ ಆಕ್ಷೇಪಣೆ ಬರೆಯಬಹುದಿತ್ತು. ಹಾಗೆ ಬರೆಯಬೇಕೆಂದಿದ್ದ ಒಂದು ಸಣ್ಣ ಬೀಜದ ಕಂಪನಿ ನಮ್ಮ ಹತ್ತಿರ ಬಂತು. ಹೆಸರು ಬೇಡ.

ಹತ್ತಿ ಬೀಜದ ಭಾಗ ನನ್ನ ಪಾಲಿಗೆ ಬಂತು. ಖುಷಿಯಾಯಿತು. ಹಾವೇರಿ ಕಡೆಯವನು ನಾನು, ಮನೆಯಲ್ಲಿ ಹತ್ತಿ ಬೆಳೆಯುತ್ತಾರೆ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ಸ್ವಲ್ಪ ಜಂಬ. ಬಿಟಿ ಹತ್ತಿ ಬೀಜ ಮಾರುವ ಕಂಪನಿಗಳ ಹೆಸರು ಪಟ್ಟಿ ಮಾಡಿದೆ. ಐವತ್ತರ ಹತ್ತಿರ ಬಂತು. ನಮ್ಮ ಕೆಲಸದಲ್ಲಿ ಎಚ್‌ಎಚ್‌ಐ ಅಂತ ಒಂದು ಲೆಕ್ಕ ಇದೆ. ಪ್ರತಿ ಕಂಪನಿಯ ಪಾಲನ್ನು ವರ್ಗ ಮಾಡಿ ಕೂಡಿಸುವುದು, ಅಷ್ಟೇ. ಐವತ್ತು ಜನಕ್ಕೆ ಶೇಕಡಾ 2ರಂತೆ ಸಮಪಾಲು ಅಂತಿಟ್ಟುಕೊಳ್ಳಿ, ಉತ್ತರ 200. ಇಡೀ ಮಾರುಕಟ್ಟೆ ಒಬ್ಬನದೇ ಆದರೆ 10,000. ನನ್ನ ಅಂಕಿ ಕೆಳಗಿನ ತುದಿಯ ಕಡೆಗೇ ಇತ್ತು, ಅಂದರೆ ಸ್ಪರ್ಧೆ ಬೇಕಾದಷ್ಟಿದೆ ಅಂತ. ಬಣ್ಣ ಬಣ್ಣದ ಗ್ರಾಫ್ ಹಾಕಿ ಮೇಲಿನವರಿಗೆ ಕಳಿಸಿದೆ.

ನಮ್ಮ ಮೇಡಂ ಓದಿದರು. ಕನ್ನಡಕ ತೆಗೆದು ಕೇಳಿದರು: “ನಾವು ಯಾರ ಪರ ಬರೀತಿದ್ದೀವಿ?”

ಬೈದಿದ್ದರೆ ಸುಲಭ ಇತ್ತು. ಅವರು ಬೈಯಲಿಲ್ಲ. ಊರಿಗೆ ಹೋಗಿ ಒಂದು ಬೀಜದ ಅಂಗಡಿಯಲ್ಲಿ ಎರಡು ದಿನ ಕೂತು ಬಾ ಅಂದರು. ಗಡುವು ಹತ್ತಿರ ಇತ್ತು, ಆದರೂ ಕಳಿಸಿದರು.

ಅಪ್ಪ ವರ್ಷಗಳಿಂದ ಉದ್ರಿ ಲೆಕ್ಕ ಇಟ್ಟಿರುವ ಅಂಗಡಿಗೇ ಹೋದೆ. ಬಾಗಿಲಲ್ಲೇ ಆ ವಾಸನೆ, ಕೀಟನಾಶಕ, ಗೊಬ್ಬರ, ಹೊಸ ಗೋಣಿಚೀಲ ಎಲ್ಲ ಸೇರಿದ್ದು. ಲೈಸೆನ್ಸ್‌ಗೆ ಕಟ್ಟು ಹಾಕಿಸಿ ದೇವರ ಫೋಟೋ ಪಕ್ಕ ನೇತುಹಾಕಿದ್ದರು. ಅಂಗಡಿ ಕಾಕಾ ಪೆಟ್ಟಿಗೆಯಲ್ಲಿ ಉಳಿದಿದ್ದ ಹೋದ ಹಂಗಾಮಿನ ಐದಾರು ಪಾಕೀಟು ತೆಗೆದು ಕೌಂಟರ್ ಮೇಲೆ ಸಾಲಾಗಿ ಇಟ್ಟರು. ಒಂದರ ಮೇಲೆ ಹುಲಿ, ಒಂದರ ಮೇಲೆ ರಾಜ, ಇನ್ನೊಂದರ ಮೇಲೆ ಬಿರಿದ ಹತ್ತಿ ಕಾಯಿ. ಆಮೇಲೆ ಒಂದೊಂದನ್ನೂ ತಿರುವಿ ಹಾಕಿದರು. ಎಲ್ಲದರ ಮೇಲೂ ಬಿಜಿ-2.

“ಹೆಸರು ಬ್ಯಾರೆ ಬ್ಯಾರೆ ತಮ್ಮಾ, ಒಳಗಿಂದು ಒಂದ ಐತಿ.”

ಬಿಜಿ-2 ಅಂದರೆ ಬೋಲ್‌ಗಾರ್ಡ್-2. ಕಾಯಿಕೊರಕ ಹುಳು ತಡೆಯುವ ಗುಣ ಅದು, ನಮ್ಮ ಭಾಷೆಯಲ್ಲಿ ಟ್ರೇಟ್. ಮಾನ್ಸಾಂಟೊ ಮತ್ತು ಭಾರತದ ಬೀಜದ ಕಂಪನಿ ಮಹೈಕೊ ಅರ್ಧರ್ಧ ಪಾಲಿನಲ್ಲಿ ಕಟ್ಟಿದ ಕಂಪನಿ ಅದನ್ನು ಇಲ್ಲಿನ ಬೀಜದ ಕಂಪನಿಗಳಿಗೆ ಲೈಸೆನ್ಸ್ ಕೊಡುತ್ತಿತ್ತು. ಹತ್ತಿ ತಳಿ ಅವರವರದು, ಒಳಗಿನ ಟ್ರೇಟ್ ಇವರದು. ಪ್ರತಿ ಪಾಕೀಟಿಗೂ ಇವರಿಗೆ ದುಡ್ಡು. 2018ರ ಹಂಗಾಮಿಗೆ ಕೇಂದ್ರ ಸರ್ಕಾರ 450 ಗ್ರಾಮಿನ ಪಾಕೀಟಿಗೆ 740 ರೂಪಾಯಿ ನಿಗದಿ ಮಾಡಿತ್ತು, ಅದರಲ್ಲಿ 39 ರೂಪಾಯಿ ಈ ಟ್ರೇಟಿನ ಬಾಬ್ತು. ನಾನು ಎಣಿಸಿದ್ದು ಪಾಕೀಟಿನ ಮೇಲಿನ ಹೆಸರು. ಎಣಿಸಬೇಕಾಗಿದ್ದು 39 ರೂಪಾಯಿ ಯಾರ ಮನೆಗೆ ಹೋಗುತ್ತದೆ ಅನ್ನುವುದನ್ನು. ಹಾಗೆ ಎಣಿಸಿದರೆ 200ರ ಜಾಗದಲ್ಲಿ 10,000ದ ಹತ್ತಿರ ಬಂದು ನಿಲ್ಲುತ್ತದೆ ಲೆಕ್ಕ.

ನಾಚಿಕೆ ಆಗಿದ್ದು ಏಕೆಂದರೆ ಆ ಪಾಕೀಟನ್ನು ನಾನು ಹುಡುಗನಾಗಿದ್ದಾಗ ಎಷ್ಟು ಸಲ ಹರಿದಿದ್ದೇನೋ! ಒಳಗೆ ಆಗ ಒಂದು ಸಣ್ಣ ಪಾಕೀಟು ಇರುತ್ತಿತ್ತು, 120 ಗ್ರಾಂ, ಬಿಟಿ ಅಲ್ಲದ್ದು. ಹುಳು ಬೇಗ ಒಗ್ಗಿಕೊಳ್ಳದಿರಲಿ ಅಂತ ಹೊಲದ ಅಂಚಿಗೆ ಬಿತ್ತಬೇಕಿತ್ತು. ನಾವು ಬಿತ್ತುತ್ತಿರಲಿಲ್ಲ, ಬದುವಿನ ಮೇಲೆ ಒಗೆಯುತ್ತಿದ್ದೆವು. ಅಷ್ಟೆಲ್ಲ ನೋಡಿದವನಿಗೆ ಪಾಕೀಟಿನ ಹಿಂಬದಿ ಓದಬೇಕು ಅಂತ ಹೊಳೆದಿರಲಿಲ್ಲ.

ಬೇಯರ್ ಹತ್ತಿರವೂ ಬೆಳೆಯ ಟ್ರೇಟುಗಳ ಸ್ವಂತ ವ್ಯವಹಾರ ಇತ್ತು. ಅಂದರೆ ನಾಳೆ ಬೋಲ್‌ಗಾರ್ಡಿಗೆ ಎದುರು ನಿಲ್ಲಬಹುದಾಗಿದ್ದವನೇ ಅದನ್ನು ಕೊಳ್ಳುತ್ತಿದ್ದ. ನಮ್ಮ ಆಕ್ಷೇಪಣೆಯ ಗಟ್ಟಿ ಮಾತು ಇದೇ ಆಯಿತು.

ಎರಡನೇ ದಿನ ತರಕಾರಿ ಬೀಜದ ವಿಷಯ ಕೇಳಿದೆ. “ತರಕಾರಿ ಬೀಜ” ಅಂತ ಆಫೀಸಿನಲ್ಲಿ ಒಂದೇ ಕಾಲಂ ಇತ್ತು. ಕಾಕಾ ನಕ್ಕರು. ಟೊಮೆಟೊ ಬೀಜ ತುಟ್ಟಿ ಆಯಿತು ಅಂತ ಯಾರಾದರೂ ಬೆಂಡೆ ಬೀಜ ಒಯ್ಯುತ್ತಾರಾ? ಮೆಣಸಿನಕಾಯಿಯೂ ಒಂದಲ್ಲ. ಬ್ಯಾಡಗಿ ಡಬ್ಬಿ, ಕಡ್ಡಿ ಹಾಕುವವನು ಮನೆಯ ಬೀಜ ಎತ್ತಿಡಬಹುದು. ಹೈಬ್ರಿಡ್ ಹಾಕುವವನು ಪ್ರತಿ ವರ್ಷ ಅಂಗಡಿಗೇ ಬರಬೇಕು. ಬೆಲೆ ಏರಿದಾಗ ರೈತ ಎತ್ತ ತಿರುಗುತ್ತಾನೆ ಅನ್ನುವುದರ ಮೇಲೆ ಮಾರುಕಟ್ಟೆಯ ಗಡಿ ನಿಲ್ಲುತ್ತದೆ ಅಂತ ಪುಸ್ತಕದಲ್ಲಿ ನಾನೂ ಓದಿದ್ದೆ. ಅದನ್ನು ಕೌಂಟರ್ ಮುಂದೆ ನಿಂತು ಕೇಳಿದ್ದು ಮೊದಲ ಸಲ.

ಇನ್ನೊಂದು ಮಾತು ಸಿಕ್ಕಿತು. ಒಂದು ಸಾಮಾನು ಬೇಕಾದರೆ ಇನ್ನೊಂದನ್ನೂ ಕೊಳ್ಳಬೇಕು ಅನ್ನುವುದಕ್ಕೆ ನಮ್ಮಲ್ಲಿ ಬಂಡಲಿಂಗ್ ಅಂತ ಹತ್ತು ಪುಟ ಬರೆಯುತ್ತೇವೆ. ಕಾಕಾ ಅದನ್ನು ಒಂದೇ ಪದದಲ್ಲಿ ಮುಗಿಸಿದರು: “ಲಿಂಕ್.” ಯೂರಿಯಾ ಬೇಕಂದ್ರ ಇದನ್ನೂ ತಗೋ ಅಂತ ಮೇಲಿಂದ ಬರೋದು, ಅಂಗಡಿಯವರು ರೈತನ ಮೇಲೆ ಹಾಕೋದು. ಬೀಜ, ಕಳೆನಾಶಕ ಎರಡೂ ಒಂದೇ ಕೈಯಲ್ಲಿದ್ದರೆ ಲಿಂಕ್ ಹಾಕುವುದು ಇನ್ನೂ ಸಲೀಸು ಅಲ್ವಾ?

ಬರೆಯದೇ ಉಳಿದದ್ದೂ ಇದೆ. ರಾಣೆಬೆನ್ನೂರು ಸುತ್ತ ನೆರಳು ಪರದೆಯ ಕೆಳಗೆ ಕಂಪನಿಗಳಿಗೆ ತರಕಾರಿ ಬೀಜ ಮಾಡಿಕೊಡುವ ರೈತರಿದ್ದಾರೆ, ಕ್ರಾಸಿಂಗ್, ಅಂದರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ಕೊಳ್ಳುವ ಕಂಪನಿ ಎರಡು ಇದ್ದದ್ದು ಒಂದಾದರೆ ಅವರಿಗೆ ಚೌಕಾಸಿಗೆ ಜಾಗ ಎಲ್ಲಿ? ನಮ್ಮ ಕಕ್ಷಿದಾರರಿಗೆ ಆ ಪ್ರಶ್ನೆ ಬೇಕಿರಲಿಲ್ಲ, ಅವರೂ ಕೊಳ್ಳುವವರೇ. ಅದು ನಮ್ಮ ಕರಡಿನ ಅಡಿಟಿಪ್ಪಣಿಗೆ ಇಳಿಯಿತು, ಕೊನೆಗೆ ಅಲ್ಲಿಂದಲೂ ಹೋಯಿತು. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

2018ರಲ್ಲಿ ಆಯೋಗ ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. ಬೇಯರ್ ತನ್ನ ಗ್ಲುಫೋಸಿನೇಟ್ ಕಳೆನಾಶಕ, ಬೆಳೆಯ ಟ್ರೇಟ್ ಮತ್ತು ತರಕಾರಿ ಬೀಜದ ವ್ಯವಹಾರ ಮಾರಬೇಕು. ಮಾನ್ಸಾಂಟೊ ಮಹೈಕೊದಲ್ಲಿದ್ದ ಶೇಕಡಾ 26ರ ಪಾಲು ಬಿಡಬೇಕು. ಏಳು ವರ್ಷ ಟ್ರೇಟುಗಳನ್ನು ಕೇಳಿದವರಿಗೆ ನ್ಯಾಯವಾದ ದರದಲ್ಲಿ ಲೈಸೆನ್ಸ್ ಕೊಡಬೇಕು, ಸ್ಪರ್ಧಿಗಳನ್ನು ಹೊರಗಿಡುವಂಥ ಲಿಂಕ್ ಹಾಕಬಾರದು. ನಮ್ಮ ಕಾಗದದಿಂದಲೇ ಇದೆಲ್ಲ ಆಯಿತು ಅಂತ ಹೇಳಿಕೊಳ್ಳುವ ಹುಚ್ಚು ನನಗಿಲ್ಲ. ಯುರೋಪಿನವರೂ ಅದೇ ವರ್ಷ ದೊಡ್ಡ ಪಟ್ಟಿ ಕೊಟ್ಟು ಮಾರಿಸಿದ್ದರು. ನನ್ನ ಮಟ್ಟಿಗೆ, ಮಾರು ಅನ್ನುವ ಷರತ್ತು ಗಟ್ಟಿ. ಒಮ್ಮೆ ಮಾರಿದರೆ ಮುಗಿಯಿತು. ಹೀಗೆ ನಡೆದುಕೋ ಅನ್ನುವ ಷರತ್ತಿಗೆ ಏಳು ವರ್ಷ ಯಾರಾದರೂ ಕಾವಲು ಕೂರಬೇಕು. ಆ ಏಳು ವರ್ಷವೂ 2018ರಿಂದ ಎಣಿಸಿದರೆ ಮುಗಿದೇ ಹೋಯಿತು.

ಬೇಯರ್ ಮಾರಿದ್ದನ್ನು ಕೊಂಡದ್ದು ಜರ್ಮನಿಯ ಬಿಎಎಸ್‌ಎಫ್ ಕಂಪನಿ. ನನ್ಹೆಮ್ಸ್ ತರಕಾರಿ ಬೀಜವೂ ಅದರಲ್ಲೇ ಹೋಯಿತು. ಎರಡು ವರ್ಷ ಬಿಟ್ಟು ಊರಿಗೆ ಹೋದಾಗ ಕಾಕಾನ ಅಂಗಡಿಯಲ್ಲಿ ನನ್ಹೆಮ್ಸ್ ಪಾಕೀಟು ಕಂಡಿತು. ಇದರ ಮಾಲೀಕರು ಬದಲಾಗಿದ್ದಾರೆ ಗೊತ್ತೇನು ಅಂತ ಕೇಳಿದೆ.

“ಹೌದೇನು? ಹೆಸರು ಅದ ಐತಲ್ಲೋ,” ಅಂದರು. ಆಮೇಲೆ ಅವರೇ ಪಾಕೀಟು ತಿರುವಿ, ಕನ್ನಡಕ ಏರಿಸಿ, ಹಿಂಬದಿ ಓದತೊಡಗಿದರು.