ಬಿಸಿ ಏರಿದರೆ ಹೈಡ್ರೋಜನ್ ಇಳಿಯುತ್ತದೆ

ಚಂದ್ರ ಭೂಮಿಯ ವಾತಾವರಣದ ಒಳಗೇ ಇದ್ದಾನೆ ಅನ್ನೋ ಸುದ್ದಿ 2019ರಲ್ಲಿ ಎಲ್ಲ ಕಡೆ ಓಡಾಡಿತ್ತು. ಸುಳ್ಳೇನಲ್ಲ, ಆದರೆ ಬಣ್ಣ ಸ್ವಲ್ಪ ಜಾಸ್ತಿ. ಸೂರ್ಯನನ್ನು ಗಮನಿಸುವ ಸೋಹೋ ನೌಕೆ 1990ರ ದಶಕದಲ್ಲಿ ಕಲೆಹಾಕಿದ್ದ ಮಾಹಿತಿಯನ್ನು ಮತ್ತೆ ಕೆದಕಿದಾಗ, ನಮ್ಮ ವಾತಾವರಣದ ಹೈಡ್ರೋಜನ್ ಸುಮಾರು 6,30,000 ಕಿ.ಮೀ. ತನಕ ಹರಡಿದೆ ಅಂತ ಗೊತ್ತಾಯಿತು. ಚಂದ್ರ ಇರುವುದು 3,84,000 ಕಿ.ಮೀ. ದೂರದಲ್ಲಿ. ಸರಿ, ಆದರೆ ಅಲ್ಲಿ ಒಂದು ಘನ ಸೆಂಟಿಮೀಟರಿಗೆ ಬರೀ 0.2 ಪರಮಾಣು! ಅದನ್ನು ವಾತಾವರಣ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ನನಗೆ ಮಜಾ ಅನ್ನಿಸುವುದು ಇದಕ್ಕಿಂತ ಕೆಳಗಿನ ಕಥೆ. ಸುಮಾರು 100 ಕಿ.ಮೀ. ಎತ್ತರದ ತನಕ ಗಾಳಿ ಕಲಕುತ್ತಲೇ ಇರುತ್ತದೆ, ಹಾಗಾಗಿ ಎಲ್ಲ ಅನಿಲಗಳೂ ಬೆರೆತೇ ಇರುತ್ತವೆ. ಅದರಾಚೆ ಕಲಕುವವರಿಲ್ಲ. ಭಾರದ್ದು ಕೆಳಗೆ, ಹಗುರದ್ದು ಮೇಲೆ: ಮೊದಲು ಆಮ್ಲಜನಕದ ಬಿಡಿ ಪರಮಾಣುಗಳು, ಆಮೇಲೆ ಹೀಲಿಯಂ, ಎಲ್ಲಕ್ಕಿಂತ ಮೇಲೆ ಹೈಡ್ರೋಜನ್. ಇದು ಬರುವುದೂ ಕೆಳಗಿನ ನೀರಾವಿ ಮತ್ತು ಮೀಥೇನ್ ಒಡೆದೇ.

ಈಗ ನೋಡಿ, ಸೂರ್ಯ ಜೋರಾದಾಗ ಮೇಲಿನ ಗಾಳಿ ಕಾದು ಉಬ್ಬುತ್ತದೆ, 500 ಕಿ.ಮೀ. ಎತ್ತರದಲ್ಲಿ ಆಮ್ಲಜನಕ ಹೆಚ್ಚುತ್ತದೆ, ಆದರೆ ಅದೇ ಜಾಗದಲ್ಲಿ ಹೈಡ್ರೋಜನ್ ಮಾತ್ರ ಕಡಿಮೆಯಾಗುತ್ತದೆ. ಉಲ್ಟಾ ಅಲ್ವಾ? ಕಾರಣ ಅದರ ಓಟ. 1000 ಕೆಲ್ವಿನ್ ಬಿಸಿಯಲ್ಲಿ ಹೈಡ್ರೋಜನ್ ಪರಮಾಣು ಸೆಕೆಂಡಿಗೆ ಸುಮಾರು 4 ಕಿ.ಮೀ. ವೇಗದಲ್ಲಿ ಓಡುತ್ತದೆ. ಭೂಮಿಯ ಹಿಡಿತ ಬಿಡಿಸಿಕೊಳ್ಳಲು ಅಲ್ಲಿ ಸೆಕೆಂಡಿಗೆ 10.8 ಕಿ.ಮೀ. ವೇಗ ಬೇಕು. ಅಷ್ಟು ವೇಗ ಇರುವವು ಬೆರಳೆಣಿಕೆಯಷ್ಟು, ಆದರೆ ಬಿಸಿ ಸ್ವಲ್ಪ ಏರಿದರೂ ಆ ಗುಂಪು ಸಿಕ್ಕಾಪಟ್ಟೆ ದೊಡ್ಡದಾಗುತ್ತದೆ, ಹೋದವು ವಾಪಸ್ ಬರಲ್ಲ. ತಪ್ಪಿಸಿಕೊಳ್ಳದವೂ ಸುಮ್ನೆ ಕೂರುವುದಿಲ್ಲ. ಬಿಸಿಯಾದ ಹಗಲಿನ ಕಡೆಯಿಂದ ಹಾರಿ ತಣ್ಣಗಿನ ರಾತ್ರಿಯ ಕಡೆ ಬೀಳುತ್ತವೆ, ಅದಕ್ಕೇ ಆ ಎತ್ತರದಲ್ಲಿ ಮಧ್ಯಾಹ್ನಕ್ಕಿಂತ ರಾತ್ರಿ ಕಳೆಯುವ ಹೊತ್ತಿಗೆ ಹೈಡ್ರೋಜನ್ ಜಾಸ್ತಿ.

ಇದೆಲ್ಲ ಕಾಣುವುದು 121.6 ನ್ಯಾನೋಮೀಟರಿನ ಅತಿನೇರಳೆ ಬೆಳಕಲ್ಲಿ, ಬಿಸಿಲು ಬಿದ್ದ ಹೈಡ್ರೋಜನ್ ಹೊಳೆಯುವುದು ಅದರಲ್ಲೇ. ವಿಜ್ಞಾನಿ ಜಾರ್ಜ್ ಕ್ಯಾರುಥರ್ಸ್ ರೂಪಿಸಿದ ಕ್ಯಾಮೆರಾವನ್ನು 1972ರಲ್ಲಿ ಅಪೊಲೊ 16ರವರು ಚಂದ್ರನ ಮೇಲಿಟ್ಟು ಈ ಹೊಳಪಿನ ಚಿತ್ರ ತೆಗೆದರು. ಆದರೆ ಚಂದ್ರನೇ ಹೈಡ್ರೋಜನ್ ಒಳಗಿದ್ದಾನಲ್ಲ, ಅಲ್ಲಿಂದ ಇಡೀ ಆಕಾರ ಸಿಗುವುದಿಲ್ಲ. ಹಾಗಾಗಿ ಕ್ಯಾರುಥರ್ಸ್ ಅವರದೇ ಹೆಸರಿನ ನಾಸಾ ನೌಕೆಯನ್ನು ಸೆಪ್ಟೆಂಬರ್ 2025ರಲ್ಲಿ ಹಾರಿಸಿ, 15 ಲಕ್ಷ ಕಿ.ಮೀ. ಆಚೆ, ಭೂಮಿ ಮತ್ತು ಸೂರ್ಯನ ನಡುವೆ ಇರುವ ಎಲ್1 ಬಿಂದುವಿನ ಕಡೆ ಕಳಿಸಿದ್ದಾರೆ.