ಬುವಾನ್ ಮಾ ತುವಾತ್‌ನ ಕಾಫಿ ತೋಟದಲ್ಲಿ

2001ರ ಸುಮಾರಿಗೆ ನಮ್ಮ ಮೂಡಿಗೆರೆ ಕಡೆ ವಿಯೆಟ್ನಾಂ ಅಂದರೆ ಬೈಗುಳ. ಅವರು ಕಾಫಿ ಸುರಿದು ರೇಟು ಬೀಳಿಸಿದರು ಅಂತ ಅಪ್ಪ ದಿನಾ ಹೇಳುತ್ತಿದ್ದರು. ಆ ವರ್ಷ ಅಮ್ಮನ ಬಳೆ ಗಿರವಿಗೆ ಹೋಗಿತ್ತು.

ಕಳೆದ ಮಾರ್ಚಿನಲ್ಲಿ ಅವರ ಕಾಫಿ ಸೀಮೆ ಬುವಾನ್ ಮಾ ತುವಾತ್‌ಗೇ ಹೋದೆ. ಹೋ ಚಿ ಮಿನ್ ಸಿಟಿಯಿಂದ ರಾತ್ರಿ ಸ್ಲೀಪರ್ ಬಸ್ಸು. ಬೆಳಿಗ್ಗೆ ಕಣ್ಣು ಬಿಟ್ಟರೆ ಕೆಮ್ಮಣ್ಣು, ಎರಡೂ ಕಡೆ ರೋಬಸ್ಟಾ ಕಾಫಿ.

ನಾನು ನೋಡಿದ ತೋಟ ಮೂರೇ ಎಕರೆ. ನೆರಳಿನ ಮರವೇ ಇಲ್ಲ, ಗಿಡಗಳು ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ಒಂದೊಂದು ಗಿಡದ ಬುಡಕ್ಕೂ ಅಗಲವಾದ ಪಾತಿ. ಯಜಮಾನರು ಪೈಪು ಹಿಡಿದು ಪಾತಿ ತುಂಬುವವರೆಗೆ ನಿಲ್ಲುತ್ತಿದ್ದರು, ಆಮೇಲೆ ಮುಂದಿನ ಗಿಡ. ನಾವು ಕಾಫಿ ಹೂ ಅರಳಿಸುವ ಬ್ಲಾಸಂ ಮಳೆಗೆ ಆಕಾಶ ನೋಡುತ್ತೇವೆ, ಇಲ್ಲವೇ ಸ್ಪ್ರಿಂಕ್ಲರ್ ಹಾಕುತ್ತೇವೆ. ಇವರು ಗಿಡಕ್ಕೆ ಕೈಯಾರೆ ನೀರುಣಿಸುತ್ತಾರೆ. ವಿಯೆಟ್ನಾಂನಲ್ಲಿ ಹೆಕ್ಟೇರಿಗೆ ಸರಾಸರಿ 2.5 ಟನ್ನಿಗೂ ಜಾಸ್ತಿ ಇಳುವರಿ. ನಮ್ಮ ರೋಬಸ್ಟಾದ್ದು ಸುಮಾರು 1 ಟನ್.

ದೇಶ ಎದ್ದು ನಿಂತಿದ್ದೂ ಇಂಥ ಸಣ್ಣ ಹಿಡುವಳಿದಾರರ ಹೆಗಲ ಮೇಲೇ ಅನ್ನಿಸಿತು. 1986ರ ‘ದೊಯ್ ಮೊಯ್’ ಎಂಬ ಸರ್ಕಾರಿ ಆರ್ಥಿಕ ಸುಧಾರಣೆಯ ನಂತರ ಜಮೀನು ಕುಟುಂಬಗಳ ಕೈಗೆ ಬಂತು. 2000ದ ಹೊತ್ತಿಗೆ ಕೊಲಂಬಿಯಾವನ್ನೇ ಹಿಂದೆ ಹಾಕಿ, ಬ್ರೆಜಿಲ್ ಬಿಟ್ಟರೆ ಇವರದ್ದೇ ಹೆಚ್ಚು ಕಾಫಿ. ಆಮೇಲೆ ಸ್ಯಾಮ್‌ಸಂಗ್ ಫೋನು ಕಾರ್ಖಾನೆಗಳೂ ಬಂದವು.  ಇವತ್ತು ಇವರ ತಲಾ ಆದಾಯ ವರ್ಷಕ್ಕೆ 5,000 ಡಾಲರಿನ ಹತ್ತಿರ. 1990ರಲ್ಲಿ ಅದು 100ರ ಆಸುಪಾಸು ಇತ್ತು. ಆಗ ಭಾರತ ಇವರಿಗಿಂತ ಮುಂದಿತ್ತು.

ಊಟದ ಹೊತ್ತಿಗೆ 2001ರ ಮಾತು ತೆಗೆದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ವರ್ಷ ಕೊಯ್ಲಿನ ಕೂಲಿಯೂ ಹುಟ್ಟಲಿಲ್ಲವಂತೆ, ಅರ್ಧ ತೋಟ ಕಡಿದು ಹಾಕಿದರಂತೆ. ನನ್ನ ಗಂಟಲು ಕಟ್ಟಿತು. ಅಪ್ಪ ಬೈಯುತ್ತಿದ್ದುದು ಇವರನ್ನೇ ಅಲ್ವಾ?

ಈಗ ರೇಟಿದೆ, ನೀರಿಲ್ಲ. ಬಾವಿಯನ್ನು ಎರಡು ಸಲ ಆಳ ಮಾಡಿಸಿದ್ದಾರೆ. ಸಾಲಿನ ನಡುವೆ ಡುರಿಯನ್ ಸಸಿ ನೆಟ್ಟಿದ್ದಾರೆ, ಹಣ್ಣಿನ ದುಡ್ಡಿಗೂ ನೆರಳಿಗೂ ಆಗುತ್ತದೆ ಅಂತ. ಮೊಬೈಲಿನಲ್ಲಿ ನಮ್ಮ ತೋಟದ ಫೋಟೋ ತೋರಿಸಿದೆ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಯಜಮಾನರು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಹೆಂಡತಿಯನ್ನೂ ಕೂಗಿ ಕರೆದು ತೋರಿಸಿದರು. ಮರ ಎಷ್ಟು ದೂರಕ್ಕೊಂದು ನೆಡ್ತೀರಿ ಅಂತ ಕೇಳಿ, ಅಂಗಳದಲ್ಲಿ ಹೆಜ್ಜೆ ಹಾಕಿ ಅಳೆಯತೊಡಗಿದರು.